ಜಗ್ಗುಗಂಟೆ

ಹುಬ್ಬಳ್ಳಿಯಲ್ಲಿ ಮಿಸ್ಡ್ ಕಾಲ್ ಸತ್ತುಹೋದದ್ದು ಒಂದು ರಿಂಗ್‌ಟೋನಿನಿಂದ. ಅದಕ್ಕೆ ಮುಂಚೆ ಊರಿನ ಅರ್ಧ ವ್ಯವಹಾರ ಫೋನ್ ಎತ್ತದೆಯೇ ನಡೆಯುತ್ತಿತ್ತು. ಒಮ್ಮೆ ರಿಂಗಾಗಿ ನಿಂತರೆ ಮಗಳು ಕಾಲೇಜು ಮುಟ್ಟಿದಳು ಎಂದರ್ಥ. ಎರಡು ಸಲವಾದರೆ ಹಾಲಿನವನು ಕೆಳಗೆ ನಿಂತಿದ್ದಾನೆ. ಬಿಟ್ಟು ಬಿಟ್ಟು ಮೂರು ಸಲವಾದರೆ ಅತ್ತೆ ಊರಿಗೆ ಹೋದಳು, ಇನ್ನು ಬರಬಹುದು. ಎತ್ತಿದವನೇ ಹೆಡ್ಡ. ಮಾತು ಪುಕ್ಕಟೆಯಾಗಿ ಎಷ್ಟೋ ವರ್ಷ ಕಳೆದರೂ ಈ ಮಂದಿ ರೂಢಿ ಬಿಡಲಿಲ್ಲ. ಫೋನ್ ಕಂಪನಿಗಳು ದೇವರ ಹಾಡಿನ ರಿಂಗ್‌ಟೋನ್ ಕೊಟ್ಟವು, ಕುದುರೆ ಕೆನೆತ ಕೊಟ್ಟವು, ಕೂಸು ನಗುವುದನ್ನು ಕೊಟ್ಟವು. ಜನ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡು, ಪೂರ್ತಿ ಕೇಳಿ ತಲೆದೂಗಿ, ಫೋನ್ ಮಾತ್ರ ಎತ್ತದೆ ಕೂತರು.

ಎತ್ತದೆ ಇರಲು ಆಗುವುದೇ ಇಲ್ಲ ಎನ್ನುವಂಥ ರಿಂಗ್‌ಟೋನ್ ಇದ್ದರೆ? ಈ ಪ್ರಶ್ನೆ ಹುಟ್ಟಿದ್ದು ಡಾ. ಅಚ್ಯುತ ನಾಡಿಗೇರರ ತಲೆಯಲ್ಲಿ. ಧಾರವಾಡದ ಮನುಷ್ಯ, ಮಾತು ಪೇಢಾದಷ್ಟು ಸಿಹಿ. ವಿಮಾನ ನಿಲ್ದಾಣದ ರಸ್ತೆಯಲ್ಲಿ ‘ಓಗೊಡು’ ಎಂಬ ಕಂಪನಿ ತೆಗೆದು ಜನರ ಕಿವಿ ಅಳೆಯಲು ಕೂತರು. ಕಂಪನಿಯವರು ಏನೇ ಹೆಸರಿಡಲಿ, ಊರ ಮಂದಿ ಆ ಟೋನನ್ನು ಜಗ್ಗುಗಂಟೆ ಎಂದೇ ಕರೆದರು. ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಕೈ ತಾನಾಗಿಯೇ ಫೋನಿನತ್ತ ಹೋಗುತ್ತಿತ್ತಲ್ಲ, ಅದಕ್ಕೆ.

ಮಂದಾಕಿನಿ ಪತ್ತಾರ ಅಲ್ಲಿ ಸ್ವರ ಆರಿಸುವ ಕೆಲಸಕ್ಕಿದ್ದಳು. ಗಿರಾಕಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಎರಡೂ ಕಿವಿಗೆ ಮೈಕಿರುವ ಇಯರ್‌ಬಡ್ ಸಿಗಿಸಿ, ಪರದೆಯ ಮೇಲಿನ ಗೆರೆ ನೋಡುತ್ತ ಕೂರಬೇಕು. ನಮ್ಮ ಕಿವಿ ಬರೀ ಕೇಳುವುದಿಲ್ಲ, ತಾನೂ ಸಣ್ಣಗೆ ಸದ್ದು ಮಾಡುತ್ತದೆ. ಒಳಗಿವಿಯ ಕೂದಲಿನಂಥ ಕೋಶಗಳು ಹೊರಗಿನ ಸದ್ದಿಗೆ ಮಿಡಿದು ಮರುದನಿ ಹೊರಡಿಸುತ್ತವೆ. ಬೇಡವಾದ ಸದ್ದು ಬಂದರೆ ಮಿದುಳು ಆ ಕೋಶಗಳ ಲಗಾಮು ಬಿಗಿಯುತ್ತದೆ, ಬೇಕಾದ ಸದ್ದಿಗೆ ಸಡಿಲ ಬಿಡುತ್ತದೆ. ಯಾವ ಸದ್ದಿಗೆ ಲಗಾಮು ಪೂರ್ತಿ ಕಳಚಿ ಬೀಳುತ್ತದೋ ಅದನ್ನು ಹುಡುಕುವುದೇ ಓಗೊಡುವಿನ ಕಸುಬು. ಯಂತ್ರ ನೂರಾರು ಸದ್ದು ಕೇಳಿಸಿ, ಕಿವಿ ಮೆಚ್ಚಿದವನ್ನು ಒಂದಕ್ಕೊಂದು ಕಸಿ ಮಾಡಿ, ಮತ್ತೆ ಕೇಳಿಸಿ, ಕೊನೆಗೊಂದು ಟೋನ್ ಕೈಗಿಡುತ್ತಿತ್ತು. ಅದು ಆ ಒಬ್ಬನಿಗೆ ಮಾತ್ರ ಪ್ರಾಣ, ಪಕ್ಕದವನಿಗೆ ಬರೀ ಗದ್ದಲ.

ಆರಿಸುವವನು ಗಿರಾಕಿಯಲ್ಲ, ಅವನ ಕಿವಿ. ಇದರಿಂದ ಕೆಲವರಿಗೆ ಮುಜುಗರವೂ ಆಗುತ್ತಿತ್ತು. ಮಾಜಿ ಪೈಲ್ವಾನನೊಬ್ಬ ಹುಲಿಯ ಗರ್ಜನೆ ಬೇಕೆಂದು ಮೀಸೆ ತಿರುವುತ್ತ ಬಂದ. ಅವನ ಕಿವಿ ತೆರೆದದ್ದು ಹಿತ್ತಾಳೆ ಲೋಟಕ್ಕೆ ಚಹಾ ಸುರಿಯುವ ಸದ್ದಿಗೆ. ಕಾರ್ಪೊರೇಟರ್ ಒಬ್ಬರ ಕಿವಿ ಚಪ್ಪಾಳೆಗೆ ತೆರೆಯಿತು, ಅದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಮೊದಮೊದಲು ಎಲ್ಲ ಮಜವಾಗಿಯೇ ಇತ್ತು. ಆಮೇಲೆ ನಾಡಿಗೇರರು ವ್ಯಾಪಾರದ ದಿಕ್ಕನ್ನೇ ತಿರುಗಿಸಿದರು. ಇನ್ನು ಮೇಲೆ ಟೋನಿಗೆ ಹಣ ಕೊಡುವವನು ಫೋನ್ ಎತ್ತುವವನಲ್ಲ, ಮಾಡುವವನು. ಅಂದಿನಿಂದ ಮಾಲೀಕರು ಕೆಲಸದವರ ಜಗ್ಗುಗಂಟೆ ಕೊಂಡರು, ಅತ್ತೆಯರು ಸೊಸೆಯರದನ್ನು ಕೊಂಡರು, ಸೈಟು ಮಾರುವವರು ಎಲ್ಲರದನ್ನೂ ಕೊಂಡರು. ಹೆಣದ ಮುಂದೆ ಕೂತವರು ಎತ್ತಿದರು, ಹೆರಿಗೆ ಮಂಚದ ಮೇಲಿದ್ದವರು ಎತ್ತಿದರು, ತಾಳಿ ಕಟ್ಟುತ್ತಿದ್ದವನು ಒಂದು ಗಂಟು ಹಾಕಿ ಎತ್ತಿದ. ಸ್ಕೂಟರ್ ಮೇಲಿದ್ದವರೂ ಎತ್ತಿದರು, ಅವರಲ್ಲಿ ಕೆಲವರು ಅದೇ ಕೊನೆಯ ಸಲ ಎತ್ತಿದ್ದು. ಜನ ಕಿವಿಗೆ ಅರಳೆ ತುರುಕಿಕೊಂಡು ಓಡಾಡಿದರು. ಅರಳೆಯ ವ್ಯಾಪಾರ ಒಂದಿಷ್ಟು ಸುಧಾರಿಸಿತು, ಮತ್ತೇನೂ ಆಗಲಿಲ್ಲ.

ಕೆಲಸದವರಿಗೆ ಕಂಪನಿ ಟೋನನ್ನು ಬಿಟ್ಟಿಯಾಗಿ ಮಾಡಿಕೊಡುತ್ತಿತ್ತು. ಮಂದಾಕಿನಿಯ ಸರದಿ ಬಂದಾಗ ನಾಡಿಗೇರರೇ ಪರದೆಯ ಮುಂದೆ ಕೂತರು. ಪರೀಕ್ಷೆ ಶುರುವಾಗುವುದು ಸ್ವಂತ ಹೆಸರಿನಿಂದ. ಯಾರ ಕಿವಿಯಾದರೂ ತನ್ನ ಹೆಸರಿಗೆ ತುಸುವಾದರೂ ತೆರೆಯಲೇಬೇಕು ಎನ್ನುವುದು ಲೆಕ್ಕಾಚಾರ. ಯಂತ್ರ ಗಂಡುದನಿಯಲ್ಲಿ, ಹೆಣ್ಣುದನಿಯಲ್ಲಿ, ಮುದುಕಿಯ ದನಿಯಲ್ಲಿ ಮಂದಾಕಿನಿ, ಮಂದಾಕಿನಿ ಎಂದು ಕರೆಯಿತು. ಗೆರೆ ಅಲುಗಲಿಲ್ಲ.

“ಏನ್ರೀ ಮಂದಾಕಿನಿಯವರ, ನಿಮ್ಮ ಹೆಸರಿಗೆ ನಿಮ್ಮ ಕಿವೀನ ಮಲಕೊಂಡದಲ್ಲಾ?” ಎಂದು ನಾಡಿಗೇರರು ನಕ್ಕರು.

“ಆ ಹೆಸರ್ಲೆ ಯಾರೂ ಕರಿಯಂಗಿಲ್ರಿ ಸರ್.”

“ಮತ್ತ ಮನ್ಯಾಗ ಏನಂತ ಕರೀತಾರ?”

“ಮಗಳ ಹೆಸರು ಕೂಗ್ತಾರ್ರಿ. ತುಂಗಾ ಅಂದ್ರ ನಾ ಹೋಗ್ಬೇಕು.”

ಹೆಂಡತಿಯ ಹೆಸರು ಹಿಡಿಯುವುದು ಲಕ್ಷಣವಲ್ಲವೆಂದು ಕೂಸಿನ ಹೆಸರು ಕೂಗಿ ತಾಯಿಯನ್ನು ಕರೆಯುವ ಮನೆಗಳು ಆ ಕಡೆ ಎಷ್ಟಿಲ್ಲ! ಆ ಹೆಂಗಸರ ಕಿವಿ ತಮ್ಮ ಹೆಸರಿಗೆ ಸುಮ್ಮನೆ ಗೋಡೆ. ನಾಡಿಗೇರರಿಗೆ ಇದು ಹೊಸ ಗಣಿ ಸಿಕ್ಕಂತಾಯಿತು. ಮಗಳ ದನಿ ಬೇಕು, ಮನೆಯಿಂದ ತರಿಸಿ ಎಂದರು. ಮಂದಾಕಿನಿ ಗಂಡನಿಗೆ ಸಂದೇಶ ಕಳಿಸಿದಳು. ತಡವಾಗಲಿಲ್ಲ, ಧ್ವನಿ ಬಂತು.

“ಅವ್ವಾ... ಅವ್ವಾ... ಬಾರs ಅವ್ವಾ...”

ಮಗು ಅಳುತ್ತಿತ್ತು. ಎಂಥ ಅಳು ಎಂದು ಮಂದಾಕಿನಿಗೆ ಆ ಕ್ಷಣವೇ ಗೊತ್ತಾಯಿತು. ಹಸಿವಿನದಲ್ಲ, ಹಟದ್ದಲ್ಲ. ಅದು ಚಿಮಟದ ಅಳು.

ಗಂಡ ವಿರೂಪಾಕ್ಷ ಬಂಗಾರದ ಕೆಲಸದವನು, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಓಣಿಯವರು ಅವನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಅವನಿಗೆ ನೀರು ಬೇಕಾದರೆ ‘ತುಂಗಾ’ ಎನ್ನುತ್ತಿದ್ದ. ಮಂದಾಕಿನಿ ಬರುವುದು ತುಸು ತಡವಾದರೆ, ತಂತಿ ಹಿಡಿಯುವ ಸಣ್ಣ ಚಿಮಟದಿಂದ ಪಕ್ಕದಲ್ಲಿ ಆಡುತ್ತಿದ್ದ ಮಗಳ ತೊಡೆಯನ್ನು ಚಿವುಟುತ್ತಿದ್ದ. ಮಂದಾಕಿನಿ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಿ ಬರುತ್ತಿದ್ದಳು. ನಾಡಿಗೇರರು ಮೂರು ಅಂತಸ್ತಿನ ಕಟ್ಟಡ ಕಟ್ಟಿ ಕಂಡುಹಿಡಿದದ್ದನ್ನು ವಿರೂಪಾಕ್ಷ ಚಾಪೆಯ ಮೇಲೆ ಕೂತು ಎಂದೋ ಕಂಡುಹಿಡಿದಿದ್ದ.

ಪರದೆಯ ಗೆರೆ ಮೇಲಿನ ಅಂಚಿಗೆ ಹೋಗಿ ನಿಂತಿತು. ನಾಡಿಗೇರರು ಕುರ್ಚಿಯಿಂದ ಎದ್ದೇ ಬಿಟ್ಟರು.

“ಕಸೀನ ಬ್ಯಾಡ ಇದಕ್ಕ! ಇದ್ದಂಗ ಇಟ್ಟುಬಿಡೂಣು. ಅಪರಂಜಿ ಅದ ನೋಡ್ರಿ!”

ಮಂದಾಕಿನಿ ಆಗ ಇಯರ್‌ಬಡ್ ಕಿತ್ತು ಬೇಡ ಎನ್ನಬಹುದಿತ್ತು. ಅವಳು ಹೂಂ ಎಂದಳು. ಇನ್ನು ಮೇಲೆ ಫೋನೇ ಅಳುತ್ತದೆ, ಅವನಿಗೆ ಚಿಮಟದ ಗರಜು ಬೀಳುವುದಿಲ್ಲ, ಕೂಸಿನ ತೊಡೆ ಉಳಿಯುತ್ತದೆ ಎಂದುಕೊಂಡಳು. ತಾಯಿಯ ಲೆಕ್ಕ ಅದು, ತಪ್ಪೆಂದು ಯಾರು ಹೇಳಬೇಕು? ಸಿಮ್ಮು ಗಂಡನ ಹೆಸರಿನಲ್ಲಿತ್ತು, ಆ ಊರಿನ ಎಷ್ಟೋ ಹೆಂಗಸರ ಸಿಮ್ಮಿನಂತೆ. ಹಾಗಾಗಿ ಟೋನ್ ವಿರೂಪಾಕ್ಷ ಪತ್ತಾರ ಎಂಬ ಹೆಸರಿನಲ್ಲಿ ದಾಖಲಾಯಿತು. ಆಗ ಅದು ಅವಳ ಗಮನಕ್ಕೂ ಬರಲಿಲ್ಲ.

ಕೆಲವು ತಿಂಗಳು ಅವಳ ಲೆಕ್ಕ ಸರಿಹೋದಂತೆಯೇ ಕಂಡಿತು. ಗಂಡ ಹಗಲೆಲ್ಲ ಫೋನ್ ಮಾಡುತ್ತಿದ್ದ. ಎಲ್ಲಿದ್ದೀ, ಏನು ಮಾಡಾಕತ್ತೀ, ಪಕ್ಕದಲ್ಲಿ ಯಾರದಾರ. ಅವಳು ಪ್ರತಿ ಸಲ ಎತ್ತಿದಳು, ಎತ್ತದೆ ಗತಿಯಿರಲಿಲ್ಲ. ಹಿಂಸೆಯೇ ಆದರೂ ಮಗಳ ತೊಡೆಯ ಹಳೆಯ ಕಲೆಗಳು ಮಾಸುತ್ತಿದ್ದವು, ಅದೇ ಅವಳ ಸಮಾಧಾನ. ಆಮೇಲೊಂದು ಭಾನುವಾರ ಮಗಳಿಗೆ ನೀರು ಎರೆಯುವಾಗ ಹೊಸ ಕಲೆ ಕಣ್ಣಿಗೆ ಬಿತ್ತು. ಹಸಿಯಾಗಿತ್ತು, ನೀಲಿಗಟ್ಟಿತ್ತು.

“ಯಾಕ್ರೀ ಇದು? ನಾ ಪ್ರತಿ ಸಲ ಫೋನ್ ಎತ್ತೇನಲ್ಲ!” ಎಂದು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದಳು.

ವಿರೂಪಾಕ್ಷ ಕುಲುಮೆಯಿಂದ ತಲೆ ಎತ್ತಲಿಲ್ಲ. “ಸುಮ್ನs ಮಾಡಿದೆ. ನೀ ಆಫೀಸಿನ್ಯಾಗಿದ್ದಿ. ಅಲ್ಲೀತನಾ ಕೇಳಸ್ತೈತೇನೋ ನೋಡೂಣಂತ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ. ಇವನ ಕೈಯಲ್ಲಿ ಮಗಳನ್ನು ಬಿಡಬಾರದು ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

ಅದೇ ವಾರ ಓಗೊಡುವಿನ ಕಂಟ್ರೋಲ್ ರೂಮಿನಲ್ಲಿ ಹುಡುಕುಕರೆಯ ಮೊದಲ ಪರೀಕ್ಷೆ ಇತ್ತು. ನೆನಪು ಹೋದ ಮುದುಕರೊಬ್ಬರು ಮನೆ ಬಿಟ್ಟು ಹೋಗಿದ್ದರು. ಪೊಲೀಸರ ಒಪ್ಪಿಗೆ ಪಡೆದು, ಜಿಲ್ಲೆಯ ಎಲ್ಲ ಫೋನುಗಳಲ್ಲೂ ಒಟ್ಟಿಗೆ ಆ ಮುದುಕರ ಜಗ್ಗುಗಂಟೆ ಬಾರಿಸಿದರು. ಬೇರೆಯವರು ಎತ್ತಬಾರದೆಂದು ಮೊದಲೇ ಸಾರಿದ್ದರು, ಆ ಗದ್ದಲಕ್ಕೆ ಎತ್ತುವ ಮನಸ್ಸೂ ಯಾರಿಗೂ ಆಗುತ್ತಿರಲಿಲ್ಲ. ಗೋಡೆಯ ನಕ್ಷೆಯ ತುಂಬ ಹಳದಿ ಚುಕ್ಕಿಗಳು ಮಿಣುಕುತ್ತಿದ್ದವು. ಥಟ್ಟನೆ ಅವೆಲ್ಲ ಆರಿ, ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಒಂದು ಕೆಂಪು ಚುಕ್ಕಿ ಉಳಿಯಿತು. ಒಬ್ಬರು ಎತ್ತಿದ ಕೂಡಲೇ ಉಳಿದ ಫೋನುಗಳೆಲ್ಲ ಸುಮ್ಮನಾಗುವ ವ್ಯವಸ್ಥೆ ಅದು. ಸ್ಪೀಕರಿನಲ್ಲಿ ಮುದುಕರ ದನಿ ಕೇಳಿಸಿತು, “ಬಂದೆ ಅವ್ವಾ, ಬಂದೆ.” ಹೂ ಮಾರುವವಳ ಕೈಯಿಂದ ಫೋನ್ ಕಸಿದು ಮಾತಾಡುತ್ತಿದ್ದರಂತೆ. ಕಂಟ್ರೋಲ್ ರೂಮಿನವರೆಲ್ಲ ಚಪ್ಪಾಳೆ ತಟ್ಟಿದರು. ಮಂದಾಕಿನಿಯೂ ತಟ್ಟಿದಳು. ಮಗಳನ್ನು ಕರೆದುಕೊಂಡು ಎಲ್ಲಿ ಹೋದರೂ ತನ್ನ ಚುಕ್ಕಿಯೂ ಹೀಗೇ ಕೆಂಪಾಗಿ ಉಳಿಯುತ್ತದೆ ಎಂದು ಹೊಳೆದು, ತಟ್ಟುತ್ತಿದ್ದ ಕೈ ನಡುವೆಯೇ ನಿಂತಿತು.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಅವಳು ನಾಡಿಗೇರರ ಬಳಿ ಬಂದು, ತನ್ನ ಟೋನ್ ಅಳಿಸಿಬಿಡಿ ಎಂದು ಕೇಳಿದಳು. ಯಾಕೆಂಬುದನ್ನೂ ಹೇಳಿದಳು, ಚಿಮಟದ ಸಮೇತ. ಅವರು ಪೂರ್ತಿ ಕೇಳಿಸಿಕೊಂಡರು, ಕಣ್ಣನ್ನು ಒದ್ದೆಯೂ ಮಾಡಿಕೊಂಡರು.

“ಭಾಳ ಕೆಟ್ಟ ಅನಸ್ತದ್ರಿ. ಆದ್ರ ಸ್ವರ ನಿಮ್ಮದಲ್ಲಲ್ಲಾ. ಸಿಮ್ಮು ಯಾರ ಹೆಸರಿನ್ಯಾಗದ?”

“ಅವರದs ಐತ್ರಿ.”

“ಹಂಗಾದ್ರ ಅಳಸ್ಲಿಕ್ಕೂ ಅವರ ಸಹಿ ಬೇಕು, ಕಿವಿ ಅದಕ್ಕ ಓಗೊಡದಂಗ ಬಾಡಸ್ಲಿಕ್ಕೂ ಅವರ ಸಹಿನ ಬೇಕು. ನೀವು ಕೂತು ಮಾತಾಡ್ರಿ. ಗಂಡಾ ಹೆಂಡತಿ ಅಂದ ಮ್ಯಾಲೆ ಇರ್ತಾವ. ಕಿವಿ ಬ್ಯಾರೆ ಯಾರಿಗೋ ಓಗೊಡೂದಕ್ಕಿಂತ ಗಂಡಗ ಓಗೊಟ್ರ ಒಳ್ಳೇದಲ್ಲೇನು?”

ಅಷ್ಟು ಹೇಳಿ ಅವರು ಅವಳ ಪಾಲಿನ ಚಹಾವನ್ನು ಅವಳ ಮುಂದಕ್ಕೆ ಸರಿಸಿದರು. ಮರುದಿನ ಮಂದಾಕಿನಿ ಫೋನನ್ನು ಉಣಕಲ್ ಕೆರೆಗೆ ಎಸೆದು, ಮಗಳನ್ನು ಕರೆದುಕೊಂಡು ಗದಗಿನ ಬಸ್ ಹತ್ತಿದಳು.

ಗದಗಿನ ಸ್ಟೇಶನ್ ರಸ್ತೆಯಲ್ಲಿ ಕಸ್ತೂರಕ್ಕನ ಖಾನಾವಳಿ. ಕಸ್ತೂರಕ್ಕ ಒಂದು ಕಾಲಕ್ಕೆ ಓಗೊಡುವಿನ ಗಿರಾಕಿ. ಗಂಡ ಮುಂಚೆಯೇ ಇಲ್ಲ. ಇದ್ದೊಬ್ಬ ಮಗ ಲಾರಿಗೆ ಸಿಕ್ಕು ಸತ್ತ. ಆದರೆ ಅವಳ ಜಗ್ಗುಗಂಟೆ ಅವನ ದನಿಯದು. ಮಗ ಮಣ್ಣಾದ ಮೇಲೂ ಕಿರಾಣಿಯವನು, ಗ್ಯಾಸಿನವನು, ಲಾಟರಿಯವನು ಮಗನ ದನಿಯಲ್ಲಿ ಅವಳನ್ನು ಕರೆಯುತ್ತಲೇ ಇದ್ದರು. ಅದನ್ನು ಬಾಡಿಸಿಬಿಡಿ ಎಂದು ಅವಳು ಬಂದಾಗ ಆ ಕೆಲಸ ಮಾಡಿಕೊಟ್ಟವಳು ಮಂದಾಕಿನಿ. ವಿರೂಪಾಕ್ಷನಿಗೆ ಈ ನಂಟು ಗೊತ್ತಿರಲಿಲ್ಲ. ಕಸ್ತೂರಕ್ಕ ಏನೂ ಕೇಳದೆ ತಾಯಿ ಮಗಳಿಗೆ ಅಟ್ಟದ ಕೋಣೆ ಬಿಟ್ಟುಕೊಟ್ಟಳು. ಮಂದಾಕಿನಿ ಒಳಗೆ ರೊಟ್ಟಿ ಬಡಿಯಲು ಕೂತಳು.

ಸ್ವಲ್ಪ ದಿನಕ್ಕೇ ಖಾನಾವಳಿಯ ಟಿವಿಯಲ್ಲಿ ವಿರೂಪಾಕ್ಷ ಕಾಣಿಸಿಕೊಂಡ. ಹೆಂಡತಿ ತಲೆ ಕೆಟ್ಟು ಕೂಸನ್ನು ಎತ್ತಿಕೊಂಡು ಹೋಗಿದ್ದಾಳೆ ಎಂದು ಅಳುತ್ತಿದ್ದ. ಅವಳದೊಂದು ಫೋಟೋ ತೋರಿಸಿದರು. ಮದುವೆಯದು, ಹಣೆಯ ತುಂಬ ಬಾಸಿಂಗ, ಹೆತ್ತವರಿಗೂ ಗುರುತು ಹತ್ತದು. ಉಣ್ಣುತ್ತಿದ್ದವರು “ಪಾಪ, ಎಂಥಾ ಮನಷ್ಯಾರೀ” ಎಂದು ಲೊಚಗುಟ್ಟಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಕೊನೆಗೆ ಸುದ್ದಿಯವಳು ಮುಖ್ಯ ಮಾತು ಹೇಳಿದಳು. ಹುಡುಕುಕರೆಗೆ ಅನುಮತಿ ಸಿಕ್ಕಿದೆ, ಮೊದಲು ಧಾರವಾಡ ಜಿಲ್ಲೆ, ಆಮೇಲೆ ಹಾವೇರಿ, ಆಮೇಲೆ ಗದಗ.

ಹಿಟ್ಟು ಹತ್ತಿದ ಕೈಯಲ್ಲೇ ಮಂದಾಕಿನಿ ಕಸ್ತೂರಕ್ಕನನ್ನು ಹಿತ್ತಲಿಗೆ ಕರೆದಳು.

“ಅಕ್ಕಾ, ನನ್ನ ಕಿವಿ ಬಾಡಸಬೇಕು.”

ಕಸ್ತೂರಕ್ಕ ಬೆಚ್ಚಿದಳು. “ಹುಚ್ಚೀ! ಕೇಳಿಲ್ಲಿ. ನನ್ನ ಮಗ ಕನಸಿನ್ಯಾಗ ಬಂದು ಕರದ್ರೂ ನಾ ಹೊಳ್ಳಿ ನೋಡಂಗಿಲ್ಲ ಈಗ. ಯಾರೋ ಯಾರನ್ನೋ ಕರದಂಗ ಅನಸ್ತೈತಿ. ನಂದು ಸತ್ತ ಮಗಂದು, ನಡೀತು. ನಿನ್ನ ಕೂಸು ಜೀವಂತ ಐತವಾ!”

“ಜೀವಂತ ಇರ್ಲಿ ಅಂತನs ಕೇಳಾಕತ್ತೇನಿ. ಆಕಿ ಅವನ ಕೈಯಾಗ ಸಿಗೂದಕ್ಕಿಂತ ನನ್ನ ಕಿವಿ ಸತ್ರ ಚಲೋ.”

“ಊರು ಬಿಟ್ಟು ದೂರ ಹೋಗಿಬಿಡು.”

“ಎಷ್ಟು ದೂರ ಹೋಗ್ಲಿ? ಫೋನ್ ಇಲ್ಲದ ಜಿಲ್ಲಾ ಯಾವುದೈತಿ ಹೇಳು.”

ಮಾಡಿದ್ದುಣ್ಣೋ ಮಹರಾಯ ಎಂದು ಮಂದಾಕಿನಿ ತನ್ನನ್ನೇ ಹಂಗಿಸಿಕೊಂಡಳು. ಎಷ್ಟು ಜನರ ಕಿವಿಗೆ ಈ ಕೊಂಡಿ ಹಾಕಿದ್ದಳೋ, ಈಗ ತನ್ನದನ್ನು ತಾನೇ ಕೀಳಬೇಕು.

ಬಾಡಿಸುವುದರ ಹಿಂದಿನ ತತ್ತ್ವ ಸರಳ. ಕಿವಿ ತೆರೆದು, ಮನುಷ್ಯ ಹೋಗಿ ನೋಡಿ, ಅಲ್ಲಿ ಏನೋ ಸಿಕ್ಕರೆ ಕೊಂಡಿ ಬಿಗಿಯಾಗುತ್ತದೆ. ಕಿವಿ ತೆರೆದರೂ ಹೋಗದೆ ಕೂತರೆ, ಮತ್ತೆ ಮತ್ತೆ ಕೂತರೆ, ಮಿದುಳು ಬೇಸತ್ತು ಲಗಾಮು ಎಳೆದುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಯಂತ್ರವಿತ್ತು, ಕಸ್ತೂರಕ್ಕನಿಗೆ ಧ್ವನಿಮುದ್ರಣವೇ ಸಾಕಾಗಿತ್ತು. ಇಲ್ಲಿ ಅದು ಹೇಗೆ ನಡೆದೀತು? ಕರೆಯುವ ಕೂಸು ಮನೆಯಲ್ಲೇ ಇದೆ. ಹಾಗಾಗಿ ತುಂಗಾಳೇ ಕರೆಯಬೇಕು, ಮಂದಾಕಿನಿ ಹೋಗಬಾರದು. ಬೇರೆ ದಾರಿ ಇರಲಿಲ್ಲ.

ಮೊದಲು ಅದನ್ನು ಆಟವೆಂದರು. ತುಂಗಾ ಅಟ್ಟದ ಕೋಣೆಯಿಂದ ಅವ್ವಾ ಎಂದು ಕೂಗಬೇಕು, ಅವ್ವ ಅಲುಗದಿದ್ದರೆ ತುಂಗಾಳಿಗೆ ಪೆಪ್ಪರ್‌ಮಿಂಟು. ಹುಡುಗಿ ಕುಣಿದಾಡಿದಳು. ಕೂಗಿ ಕೂಗಿ, ಇಣುಕಿ ನೋಡಿ, ಕಿಸಕ್ಕೆಂದು ನಕ್ಕಳು. ಕೆಳಗೆ ಮಂದಾಕಿನಿ ಮಣೆಯ ಮೇಲೆ ಕೂತು ಹಲ್ಲು ಕಚ್ಚುತ್ತಿದ್ದಳು. ಹಿಂದಿನಿಂದ ಕಸ್ತೂರಕ್ಕ ಅವಳ ಎರಡೂ ಭುಜ ಒತ್ತಿ ಹಿಡಿದಿರುತ್ತಿದ್ದಳು. ಪ್ರತಿ ಕೂಗಿಗೂ ಅವಳ ತೋಳಿನ ರೋಮ ನಿಮಿರಿ ನಿಲ್ಲುತ್ತಿತ್ತು.

ನಗುವ ಕರೆಗೆ ಏನೂ ಬಾಡಲಿಲ್ಲ. ಟೋನಿನಲ್ಲಿ ಇದ್ದದ್ದು ಅಳು. ಇದು ಇಬ್ಬರಿಗೂ ಗೊತ್ತಿತ್ತು. ಒಂದು ದಿನ ಪೆಪ್ಪರ್‌ಮಿಂಟು ನಿಂತಿತು. ಮತ್ತೊಂದು ದಿನ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು.

“ಅವ್ವಾ, ಆಟ ಸಾಕು! ಅವ್ವಾ, ನಂಗ ಹೆದರಿಕಿ ಆಗಾಕತ್ತೈತಿ!”

ಮಂದಾಕಿನಿ ಏಳಲು ಹೋದಳು. ಕಸ್ತೂರಕ್ಕ ಭುಜ ಬಿಡಲಿಲ್ಲ, ಬಿಡಬೇಡ ಎಂದು ಆಣೆ ಹಾಕಿಸಿಕೊಂಡವಳು ಮಂದಾಕಿನಿಯೇ. ಹುಡುಗಿ ಬಾಗಿಲು ಬಡಿದಳು, ಅತ್ತಳು, ಬೈದಳು, ಕೊನೆಗೆ ಬಿಕ್ಕಳಿಸುತ್ತ ಸುಮ್ಮನಾದಳು. ಅವಳು ಸುಮ್ಮನಾದ ಮೇಲಷ್ಟೇ ಚಿಲಕ ತೆಗೆಯುವುದು. ಸುಮ್ಮನಾಗುವ ಮುಂಚೆ ತೆಗೆದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ಧಾರವಾಡ ಜಿಲ್ಲೆಯಲ್ಲಿ ಹುಡುಕುಕರೆ ಮುಗಿಯಿತು, ಹಾವೇರಿಯಲ್ಲಿ ಮುಗಿಯಿತು. ವಿರೂಪಾಕ್ಷನ ಚಿಮಟ ಮಾಡದ ಕೆಲಸವನ್ನು ತಾನು ಮಾಡುತ್ತಿದ್ದೇನೆ ಎಂದು ಮಂದಾಕಿನಿಗೆ ಅನಿಸಿತು. ಅನಿಸಿದರೂ ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ ಅವಳು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ತುಂಗಾ ಅಟ್ಟದ ಮೆಟ್ಟಿಲಿನಿಂದ ಕಾಲು ಜಾರಿ ಬಿದ್ದಳು. ಈ ಸಲ ಆಟವಲ್ಲ, ಯಾರೂ ಹೇಳಿ ಬೀಳಿಸಿದ್ದಲ್ಲ. ಮೊಣಕಾಲು ಕೆತ್ತಿ ರಕ್ತ ಬಂದಿತ್ತು. “ಅವ್ವಾ! ಅವ್ವಾ!” ಎಂದು ಚೀರಿದಳು. ಮಂದಾಕಿನಿಯ ಬೆರಳು ಬೇಳೆಯಲ್ಲಿದ್ದ ಒಂದು ಹರಳನ್ನು ಆರಿಸಿ ಪಕ್ಕಕ್ಕಿಟ್ಟಿತು, ಇನ್ನೊಂದನ್ನು ಹುಡುಕಿತು. ಕಸ್ತೂರಕ್ಕ ಅವಳ ತೋಳು ನೋಡಿದಳು. ರೋಮ ನಿಮಿರಿರಲಿಲ್ಲ.

“ಆತವಾ,” ಎಂದಳು ಕಸ್ತೂರಕ್ಕ. ಹುಡುಗಿಯನ್ನು ಎತ್ತಿಕೊಳ್ಳಲು ಅವಳೇ ಓಡಿದಳು. ಸತ್ತ ಮಗನಿಗಾಗಿ ಬಾರದೆ ಹೋದ ಅಳು ಅವಳಿಗೆ ಅಂದು ಬಂತು.

ಮಂದಾಕಿನಿ ಕಿವುಡಿಯಾಗಿರಲಿಲ್ಲ. ಮಗಳು ಎದುರು ನಿಂತು ಮಾತಾಡಿದರೆ ಕೇಳುತ್ತಿತ್ತು, ಅರ್ಥವಾಗುತ್ತಿತ್ತು, ಮುದ್ದೂ ಬರುತ್ತಿತ್ತು. ಆದರೆ ಬೆನ್ನ ಹಿಂದಿನಿಂದ ಬಂದ ದನಿ, ಪಕ್ಕದ ಮನೆಯ ಮಿಕ್ಸಿಯ ಹಾಗೆ, ಕಿವಿಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ತುಂಗಾ ಕೂಡ ಬದಲಾದಳು. ಕರೆಯುವುದನ್ನೇ ಕಡಿಮೆ ಮಾಡಿದಳು. ನೀರು ಬೇಕಾದರೆ ತಾನೇ ತಂಬಿಗೆ ಬಗ್ಗಿಸಿಕೊಂಡಳು, ಗುಂಡಿ ತಾನೇ ಹಾಕಿಕೊಂಡಳು. “ಭಾಳ ಶಾಣ್ಯಾಕಿ ಆಗ್ಯಾಳ ನೋಡ್ರೀ ಹುಡುಗಿ,” ಎಂದು ಖಾನಾವಳಿಗೆ ಬರುವವರು ಹೊಗಳಿದರು. ಮಂದಾಕಿನಿ ಆ ಹೊಗಳಿಕೆಗೆ ತಲೆ ತಗ್ಗಿಸಿ ರೊಟ್ಟಿ ಬಡಿದಳು. ಇದೆಲ್ಲ ಒಂದು ಸಲ ಮುಗಿಯಲಿ, ಆಮೇಲೆ ಮಗಳ ದನಿಯನ್ನು ಮತ್ತೆ ಕಲಿತೇನು ಎಂದು ತನಗೆ ತಾನೇ ಹೇಳಿಕೊಂಡಳು.

ಗದಗಿನ ಸರದಿ ಊಟದ ಹೊತ್ತಿನಲ್ಲಿ ಬಂತು. ಖಾನಾವಳಿ ತುಂಬಿತ್ತು. ಎಲ್ಲರ ಕಿಸೆಯಲ್ಲಿ, ಎಲೆಯ ಪಕ್ಕದಲ್ಲಿ, ದುಡ್ಡಿನ ಗಲ್ಲೆಯ ಮೇಲೆ ಇದ್ದ ಫೋನುಗಳೆಲ್ಲ ಏಕಕಾಲಕ್ಕೆ ಅತ್ತವು. “ಅವ್ವಾ... ಅವ್ವಾ... ಬಾರs ಅವ್ವಾ...” ಹೊರಗಿನ ರಸ್ತೆಯೂ ಅತ್ತಿತು, ಎದುರಿನ ಔಷಧದ ಅಂಗಡಿಯೂ ಅತ್ತಿತು. ತುತ್ತು ಹಿಡಿದ ಕೈಗಳು ಎಲೆಯ ಮೇಲೆ ನಿಂತವು.

“ಅಯ್ಯ, ಯಾರ ಕೂಸ್ರೀ ಇದು, ಹಿಂಗ್ಯಾಕ ಅಳಾಕತ್ತೈತಿ?” ಎಂದರು ಒಬ್ಬರು. “ಹುಡುಕುಕರೆ ಅದು, ಎತ್ತಬ್ಯಾಡ್ರಿ,” ಎಂದರು ಇನ್ನೊಬ್ಬರು.

ಒಳಗೆ ಒಲೆಯ ಮುಂದೆ ಮಂದಾಕಿನಿ ಹಿಟ್ಟಿನ ಉಂಡೆಯನ್ನು ಕಟ್ಟಿಗೆಯ ಕೊಣಮಿಗೆಯಲ್ಲಿ ತಟ್ಟುತ್ತಿದ್ದಳು. ಅಂಗೈ ಒಮ್ಮೆಯೂ ತಾಳ ತಪ್ಪಲಿಲ್ಲ. ತಟ್ಟಿ, ತಿರುಗಿಸಿ, ಹಂಚಿನ ಮೇಲೆ ಹಾಕಿ, ನೀರು ಸವರಿದಳು. ಕಸ್ತೂರಕ್ಕ ಹಿತ್ತಲ ಬಾಗಿಲಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು. ಗೆದ್ದೆ ಎಂದು ಮಂದಾಕಿನಿಗೆ ಅನಿಸಿತು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು.

ಆಮೇಲೆ ಅಳು ನಿಂತಿತು. ಖಾನಾವಳಿಯಲ್ಲಿ, ರಸ್ತೆಯಲ್ಲಿ, ಔಷಧದ ಅಂಗಡಿಯಲ್ಲಿ, ಒಂದೇ ಗಳಿಗೆಗೆ.

“ನಿಂತ್ತು!” ಎಂದು ಕಸ್ತೂರಕ್ಕ ಕೈ ಮುಗಿದಳು.

ಮಂದಾಕಿನಿಯ ನಗು ಮಾಯವಾಯಿತು. ಹುಡುಕುಕರೆ ಹಾಗೆ ಸುಮ್ಮನೆ ನಿಲ್ಲುವುದಿಲ್ಲ. ಎಲ್ಲ ಫೋನುಗಳೂ ಒಟ್ಟಿಗೆ ಸುಮ್ಮನಾಗಬೇಕಾದರೆ ಎಲ್ಲೋ ಒಬ್ಬರು ಎತ್ತಿರಬೇಕು. ಅವಳು ಹಂಚಿನ ಮುಂದಿನಿಂದ ಎದ್ದು ಹೊರಗೆ ಬಂದಳು. ಗಲ್ಲೆಯ ಹಿಂದಿನ ಸ್ಟೂಲಿನ ಮೇಲೆ ತುಂಗಾ ಕೂತಿದ್ದಳು, ಕಸ್ತೂರಕ್ಕನ ಫೋನ್ ಕಿವಿಗಿತ್ತು.

“ಹೂಂ ಅಪ್ಪಾ... ರೊಟ್ಟಿ ಅಂಗಡಿ... ಅವ್ವಾನೂ ಅದಾಳ.”

ಮಂದಾಕಿನಿ ಫೋನ್ ಕಸಿದು ಬಂದ್ ಮಾಡಿದಳು. “ಯಾಕ ಎತ್ತಿದಿ? ಯಾರು ಎತ್ತಂದ್ರು ನಿಂಗ?”

“ಅದರಾಗ ನಾನs ಅಳಾಕತ್ತಿದ್ನೆವಾ,” ಎಂದಳು ತುಂಗಾ ಹೆದರಿ. “ಎತ್ತಲೇನಂತ ನಿನ್ನ ಕೇಳಿದೆ. ಅಡಗಿಮನಿ ಬಾಗಲ್ದಾಗ ನಿಂತು ಮೂರು ಸರ್ತಿ ಕೇಳಿದೆ. ನೀ ಹೊಳ್ಳಿ ನೋಡ್ಲಿಲ್ಲ.”

ಹೌದು, ಕೇಳಿದ್ದಳು. ಅವ್ವಾ ಎತ್ತಲೇನ ಎಂಬ ಮಾತು ಬೆನ್ನ ಹಿಂದೆ ಮೂರು ಸಲ ಬಿದ್ದದ್ದು ಈಗ ಮಂದಾಕಿನಿಗೆ ಸ್ಪಷ್ಟವಾಗಿ ನೆನಪಾಯಿತು. ಆಗ ಅದು ಫೋನುಗಳ ಗದ್ದಲದಲ್ಲಿ ಇನ್ನೊಂದು ಗದ್ದಲವಾಗಿತ್ತು. ತಾಯಿಯ ಕಿವಿಯ ಬಗ್ಗೆ ಇಬ್ಬರು ಹೆಂಗಸರೂ ಎಲ್ಲ ಯೋಚಿಸಿದ್ದರು, ಮಗಳಿಗೆ ಫೋನ್ ಎತ್ತಬೇಡ ಎಂದು ಹೇಳುವುದು ಒಬ್ಬರಿಗೂ ಹೊಳೆದಿರಲಿಲ್ಲ. ಹುಬ್ಬಳ್ಳಿಯ ಕಂಟ್ರೋಲ್ ರೂಮಿನ ಗೋಡೆಯ ಮೇಲೆ, ವಿರೂಪಾಕ್ಷನ ಕಣ್ಣೆದುರೇ, ಸ್ಟೇಶನ್ ರಸ್ತೆ ಇಷ್ಟೊತ್ತಿಗೆ ಕೆಂಪಾಗಿತ್ತು. ಅಲ್ಲಿಂದ ಕಾರಿನಲ್ಲಿ ಹೊರಟರೆ ಎಷ್ಟು ಹೊತ್ತಿನ ದಾರಿ?

“ನಿಂದ್ರಬ್ಯಾಡ, ನಡಿ, ಯಾವುದರ ಬಸ್ ಹತ್ತು!” ಎಂದು ಕಸ್ತೂರಕ್ಕ ಅವಳನ್ನು ಬಾಗಿಲಿನ ಕಡೆ ತಳ್ಳಿದಳು. ಮಂದಾಕಿನಿ ಮಗಳ ರಟ್ಟೆ ಹಿಡಿದು ಇದ್ದಂತೆಯೇ ಹೊರಗೆ ಓಡಿದಳು.

ಮಟಮಟ ಮಧ್ಯಾಹ್ನ. ಡಾಂಬರು ಕುದಿಯುತ್ತಿತ್ತು. ಬಸ್ ಸ್ಟ್ಯಾಂಡಿನವರೆಗೂ ಎಲ್ಲೂ ನೆರಳಿಲ್ಲ. ಮಂದಾಕಿನಿ ಮುಂದೆ ನೋಡುತ್ತಿದ್ದಳು, ಬರುವ ಪ್ರತಿ ಕಾರನ್ನೂ ನೋಡುತ್ತಿದ್ದಳು. ಕೈಯಲ್ಲಿದ್ದ ರಟ್ಟೆ ಜಗ್ಗುತ್ತಿತ್ತು, ತೊಡರುತ್ತಿತ್ತು, ಅವಳು ಇನ್ನಷ್ಟು ಬಿಗಿಯಾಗಿ ಎಳೆದಳು. ಇವಳನ್ನು ಅವನಿಗೆ ಕೊಡುವುದಿಲ್ಲ, ಕೊಡುವುದಿಲ್ಲ ಎಂದು ಹೆಜ್ಜೆ ಹೆಜ್ಜೆಗೂ ಅಂದುಕೊಂಡಳು. ಬಸ್ ಸ್ಟ್ಯಾಂಡಿನ ಗೇಟಿನ ಹತ್ತಿರ ಬುಟ್ಟಿ ಹೊತ್ತ ಒಬ್ಬ ಮುದುಕಿ ಅಡ್ಡ ಬಂದು ಅವಳ ಕೈ ಹಿಡಿದು ನಿಲ್ಲಿಸಿದಳು.

“ಏನ ಯವ್ವಾ, ಕಲ್ಲಾಗೀ ಏನ? ಕಾಲಾಗ ಚಪ್ಪಲಿಲ್ಲ, ಕಾಲು ಸುಡಾಕತ್ತಾವವ್ವಾ, ಸುಡಾಕತ್ತಾವವ್ವಾ ಅಂತ ಕೂಸು ಅಲ್ಲಿಂದ ಒದರಕೋತ ಬರಾಕತ್ತೈತಿ. ನಿನ್ನ ಕಿವಿ ಕೇಳಸಂಗಿಲ್ಲೇನ?”

ಮಂದಾಕಿನಿ ತಿರುಗಿ ನೋಡಿದಳು. ತುಂಗಾಳ ಬಾಯಿ ತೆರೆದಿತ್ತು, ಕೆನ್ನೆ ತೊಯ್ದಿತ್ತು.

“ಕೇಳಸ್ತೈತ್ರೀ,” ಎಂದಳು. ಸುಳ್ಳೇನೂ ಹೇಳಲಿಲ್ಲ ಅವಳು.